ತಮಿಳಿನಲ್ಲಿ ತವರು

ಏಪ್ರಿಲ್ 7, 2025. ಸೋಮವಾರ. ಬೆಳಿಗ್ಗೆ 6.10

ಹಾಲು ಕಾಯಿಸಿ ಆಯಿತು. ಡಿಕಾಕ್ಷನ್ ಇಳಿಯುತ್ತಿದೆ. ಇಳಿಯುವವರೆಗೆ ಬರೆಯುವುದು.

ಈ ತಿಂಗಳೂ ರೇಷನ್ ಸಕ್ಕರೆ ತಂದೆ, ಶನಿವಾರ. ಹದಿನಾಲ್ಕು ಜನ ಮುಂದೆ. ಯಾರೋ ಕುರ್ಚಿ ಕೊಟ್ಟರು, ಕೂರಲಿಲ್ಲ. ಅಂಗಡಿಯ ಸಾಯಿ—ಕನ್ನಡಕಕ್ಕೆ ದಾರ ಕಟ್ಟಿಕೊಂಡಿರುವ ಮನುಷ್ಯ—ಎಂದಿನಂತೆ ಕೂಗಿದ, 'ಪೀಮಾಬಾಯ್!' ನಾನು ಕೈ ಎತ್ತಿದೆ.

ತಮಿಳು ಲಿಪಿಯಲ್ಲಿ ಪ, ಬ, ಭ ಎಲ್ಲಕ್ಕೂ ಒಂದೇ ಅಕ್ಷರ. ಹಾಗಾಗಿ ಕಾರ್ಡಿನಲ್ಲಿ ನನ್ನ ಹೆಂಡತಿ ಭೀಮಾಬಾಯಿ ಪೀಮಾಬಾಯ್. ಬದರಿನಾಥನಾದ ನಾನು ಪದರಿನಾತ್. ಮದ್ರಾಸಿನ ಪೆರಂಬೂರಿನ ರೈಲ್ವೆ ಕೋಚ್ ಫ್ಯಾಕ್ಟರಿಯಲ್ಲಿ ಮೂವತ್ತನಾಲ್ಕು ವರ್ಷ ಪದರಿನಾತ್ ಆಗಿಯೇ ಸರ್ವಿಸ್ ಮುಗಿಸಿದೆ. ಬೇಜಾರಿಲ್ಲ. ಆಕೆ ಮಾತ್ರ ಬಿಡುತ್ತಿರಲಿಲ್ಲ. ಕೌಂಟರಿನ ಮುಂದೆಯೇ ಪಾಠ—'ಭೀ. ಭೀ ಅನ್ರಿ. ಹೊಟ್ಟಿಯಿಂದ ಬರಬೇಕು ಉಸಿರು.' ಹಿಂದಿನ ಕ್ಯೂ ಪೂರ್ತಿ ನಗುತ್ತಿತ್ತು. ಸಾಯಿ ಎದೆ ಉಬ್ಬಿಸಿ 'ಪ್‌ಹೀ' ಅನ್ನುತ್ತಿದ್ದ. ನಪಾಸು.

ಕಾರ್ಡಿನ ಮೇಲೆ ಫೋಟೋ ಆಕೆಯದೇ. ಕುಟುಂಬ ತಲೈವಿ, ಅಂದರೆ ಮನೆಯ ಯಜಮಾನಿ. ನಾನು ಮೆಂಬರ್ ನಂಬರ್ ಟು.

ಆಕೆ ತೀರಿ ಎರಡು ವರ್ಷ ಎರಡು ತಿಂಗಳು. ಹೆಸರು ತೆಗೆಸಿಲ್ಲ. ನನಗೆ ಶುಗರ್, ಸಕ್ಕರೆ ಮುಟ್ಟುವಂತಿಲ್ಲ. ತಂದದ್ದನ್ನೆಲ್ಲ ಕೆಳಗಿನ ಮನೆಯ ಉಪೇಂದ್ರರಿಗೆ ಕೊಡುವುದು. ಆದರೂ ತಿಂಗಳು ತಿಂಗಳು ಹೋಗುತ್ತೇನೆ. ಯಾಕೆ ಎಂದು ಬರೆಯಬೇಕಾಗಿಲ್ಲ... ಬರೆದೇ ಬಿಡುತ್ತೇನೆ. ಆ ಹೆಸರನ್ನು ಜೋರಾಗಿ ಕೂಗುವ ಜಾಗ ಅದೊಂದೇ ಉಳಿದಿದೆ.

ಡಿಕಾಕ್ಷನ್ ಇಳಿಯಿತು.

ಏಪ್ರಿಲ್ 13. ಭಾನುವಾರ

ಮಗಳ ಫೋನು. ಶ್ರೀವಿದ್ಯಾಗೆ ಇನ್ಶೂರೆನ್ಸ್ ಕೆಲಸ, ಹೋದ ವರ್ಷ ಧಾರವಾಡಕ್ಕೆ ಟ್ರಾನ್ಸ್‌ಫರ್. ಅಳಿಯ ಅಜಯ್ ಹಡಗಿನಲ್ಲಿ ಎಂಜಿನಿಯರ್. ಈಗ ಮನೆಯಲ್ಲಿದ್ದಾನೆ, ಮೇ ಕೊನೆಗೆ ಹೋದರೆ ಇನ್ನು ಎಂಟು ತಿಂಗಳು ನೀರ ಮೇಲೆ. ಮೊಮ್ಮಗಳು ಶ್ರೀಯಾಗೆ ಹತ್ತು ವರ್ಷ. ಸ್ಕೂಲ್ ಬಿಡುವುದು ಮೂರೂವರೆಗೆ, ತಾಯಿ ಮನೆ ಸೇರುವುದು ಏಳಕ್ಕೆ.

'ಅಪ್ಪಾ, ಜೂನ್ ಎರಡಕ್ಕ ಸ್ಕೂಲ್ ಶುರು. ಅಷ್ಟ್ರಾಗ ನೀ ಕಂಡಿಪ್ಪಾ ಬರಬೇಕು. ಇಲ್ಲಾಂದ್ರ ಇಕೀನ್ನ ಹಾಸ್ಟೆಲ್ಲಿಗೆ ಹಾಕೂದೊಂದ ದಾರಿ ಉಳಿದದ್ದು.'

ಧಾರವಾಡದ ಮಾತಿನ ನಡುವೆ ಕಂಡಿಪ್ಪಾ. ಪೆರಂಬೂರಿನಲ್ಲಿ ಹುಟ್ಟಿದ ಹುಡುಗಿ, ಖಂಡಿತ ಎಂಬುದು ಅವಳ ಬಾಯಲ್ಲಿ ಯಾವಾಗಲೂ ಕಂಡಿಪ್ಪಾ.

ಶ್ರೀಯಾ ಫೋನು ಕಿತ್ತುಕೊಂಡಳು. ಇಲ್ಲಿದ್ದಾಗ ತಾತಾ ಅನ್ನುತ್ತಿದ್ದಳು, ಈಗ ನಾನು ಅಜ್ಜ ಆಗಿದ್ದೇನೆ. 'ಅಜ್ಜಾ, ಹಾಸ್ಟೆಲ್ ವೇಂಡಾಂ. ಪ್ಲೀಸ್.' ಬೇಡ ಅನ್ನುವುದು ಇನ್ನೂ ತಮಿಳಿನಲ್ಲೇ.

ಸರ್ಟನ್ಲಿ ಅಂದೆ. ಕಾಲೇಜಿನ ಇಂಗ್ಲಿಷಿನಲ್ಲಿ ಕೊಟ್ಟ ಮಾತಿಗೆ ತೂಕ ಜಾಸ್ತಿ.

ಅಲ್ಲಿಯ ಕಾರ್ಡಿನಲ್ಲಿ ನನ್ನ ಹೆಸರು ಸೇರಿಸಲು ಇಲ್ಲಿ ತೆಗೆಸಿದ್ದಕ್ಕೆ ಸರ್ಟಿಫಿಕೇಟ್ ಬೇಕಂತೆ. ಇಲ್ಲಿಯ ಕಾರ್ಡಿನಲ್ಲಿ ಇರುವವರು ಇಬ್ಬರೇ. ಅಂದರೆ ಎರಡು ಫಾರ್ಮು. ಒಂದು ಆಕೆಯದು, ಒಂದು ನನ್ನದು. ನಾಳೆ ತಮಿಳು ಹೊಸ ವರ್ಷ, ರಜೆ. ನಾಡಿದ್ದು ನೋಡೋಣ.

ಏಪ್ರಿಲ್ 15

ಹೋಗಲಿಲ್ಲ. ಬಿಸಿಲು.

ಏಪ್ರಿಲ್ 22. ಮಧ್ಯಾಹ್ನ

ಹೋಗಲಿಲ್ಲ. ಮೊಣಕಾಲು. ಇನ್‌ಡಿಫರೆಂಟ್ ಹೆಲ್ತ್—ರಜಾ ಅರ್ಜಿಗೆಂದು ಕಾಲೇಜಿನಲ್ಲಿ ಕಲಿಸಿದ್ದು. ಸರಿಯಾದ ಅರ್ಥ ಇವತ್ತಿಗೂ ಗೊತ್ತಿಲ್ಲ, ರಜೆ ಮಾತ್ರ ಸಿಗುತ್ತಿತ್ತು.

ಮನೆಯ ಓನರಿಗೆ ಮೇ ಕೊನೆಗೆ ಖಾಲಿ ಮಾಡುತ್ತೇನೆ ಎಂದು ಹೇಳಿಯಾಗಿದೆ. ಪಾತ್ರೆಗಳನ್ನು ಕಟ್ಟಲು ಕೂತೆ. ಆಕೆಯ ಹಿತ್ತಾಳೆ ಒರಳು ಸಿಕ್ಕಿತು. ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ತವರು ಧಾರವಾಡದ ಮಾಳಮಡ್ಡಿ. 1984. ಇದೇ ಪೆರಂಬೂರು, ಒಂದು ರೂಮಿನ ಮನೆ. ಆಕೆಗೆ ತಮಿಳು ಒಂದಕ್ಷರ ಬರದು.

ಬಂದು ಎರಡು ತಿಂಗಳಾಗಿರಬೇಕು. ಪಕ್ಕದ ಮನೆಯ ಅಜ್ಜಿ ಹೋಗಿಬಿಟ್ಟರು. ಬೀದಿಯ ಹೆಂಗಸರು ಬಂದು 'ಪಾಟಿ ತವರಿಟ್ಟಾಂಗ' ಅಂದರಂತೆ. ತಮಿಳಿನಲ್ಲಿ ತವರು ಎಂದರೆ ತಪ್ಪು, ದೋಷ. ಯಾರಾದರೂ ತವರಿಟ್ಟಾಂಗ ಎಂದರೆ ತೀರಿಕೊಂಡರು ಎಂದು. ಸತ್ತರು ಎಂದು ನೇರ ಅನ್ನಬಾರದೆಂದು ಆ ಮಾತು. ಈಕೆಗೆ ಕೇಳಿಸಿದ್ದು ಬರೀ ತವರು. ಅಜ್ಜಿ ತವರಿಗೆ ಹೋದರು ಎಂದುಕೊಂಡು, ನಗುನಗುತ್ತಾ ಕೈಸನ್ನೆಯಲ್ಲಿ ಕೇಳಿದಳಂತೆ—ಈ ವಯಸ್ಸಿನಲ್ಲಿಯೂ ತವರೇ? ಯಾವಾಗ ವಾಪಸ್ ಬರುತ್ತಾರೆ?

ನಾನು ಶಿಫ್ಟ್ ಮುಗಿಸಿ ಬಂದಾಗ ಒಳಗೆ ಕೂತು ಅಳುತ್ತಿದ್ದಳು. ಅಜ್ಜಿಗಾಗಿ ಅಲ್ಲ, ನಾಚಿಕೆಗೆ. 'ಈ ಊರಾಗ ನಾ ಇರೂದಿಲ್ರೀ. ಇವರ ತವರು ಬ್ಯಾರೆ, ನನ್ನ ತವರು ಬ್ಯಾರೆ.' ರಿಟೈರ್ ಆದ ಮೇಲೆ ಧಾರವಾಡಕ್ಕೇ ಹೋಗೋಣ ಎಂದು ಸಮಾಧಾನ ಮಾಡಿದೆ.

ರಿಟೈರ್ ಆದೆ. ಶ್ರೀವಿದ್ಯಾಳ ಹೆರಿಗೆ ಆಗಲಿ ಅಂದೆ. ಆಮೇಲೆ ಮಗು ನಡೆಯಲಿ. ಆಮೇಲೆ ಕೊರೋನಾ. ಆಮೇಲೆ ಆಕೆಯ ಹಾರ್ಟು, ಡಾಕ್ಟರು ಇಲ್ಲಿಯೇ ಹತ್ತಿರ... ಕೇಳುವುದನ್ನು ಯಾವಾಗ ನಿಲ್ಲಿಸಿದಳೋ ಗಮನಿಸಲಿಲ್ಲ.

ಒರಳನ್ನು ಮತ್ತೆ ಶೆಲ್ಫಿನಲ್ಲಿಟ್ಟೆ.

ಮೇ 3. ಶನಿವಾರ

ಸಕ್ಕರೆ ತಂದೆ. ಉಪೇಂದ್ರರಿಗೆ ಕೊಡಲು ಹೋದರೆ ಕಾಫಿ ಕೊಟ್ಟರು. ಉಡುಪಿ ಕಡೆಯವರು, ಬ್ಯಾಂಕಿನಲ್ಲಿದ್ದವರು, ಬಾಯಿ ಚುರುಕು. ನೀವು ಹೋದರೆ ನನ್ನ ಸಕ್ಕರೆಯ ಕಥೆ ಎಂತ ಮಾರಾಯ್ರೆ ಎಂದು ಶುರು ಮಾಡಿದರು. ನಗುತ್ತಿದ್ದವರು ಲೋಟ ಕೆಳಗಿಟ್ಟು ಅಂದರು, 'ನೀವು ಹೋಗುವವರಲ್ಲ. ಆ ಫಾರ್ಮು ನಿಮಗೆ ನೆವ. ಅಲ್ಲಿ ಆ ಹುಡುಗಿ ಕಾಯ್ತಾ ಉಂಟು.'

ಸಿಟ್ಟು ಬಂತು. ಕಾಫಿ ಅರ್ಧ ಬಿಟ್ಟು ಬಂದೆ.

ಮೇ 12. ಸೋಮವಾರ. ಮಧ್ಯಾಹ್ನ 1.30

ಹೋದೆ! ರೇಷನ್ ಆಫೀಸಿಗೆ. ಇಂಗ್ಲಿಷ್ ಫಾರ್ಮು ಕೇಳಿ ತೆಗೆದುಕೊಂಡೆ. ಪಕ್ಕದಲ್ಲಿ ಒಬ್ಬ ಬರೆದುಕೊಡಲೇ ಎಂದು ಬಂದ. ನೋ ಥ್ಯಾಂಕ್ಸ್ ಅಂದೆ.

ಹೆಸರು ತೆಗೆಯಲು ಕಾರಣ ಎಂಬಲ್ಲಿ ಪೆನ್ನು ನಿಂತಿತು. ಕಾಲೇಜಿನ ಇಂಗ್ಲಿಷ್ ಸರ್ ನೆನಪಾದರು. ಡಿಸೀಸ್ ಎರಡಿವೆಯೋ, ರೋಗ ಒಂದು, ಸಾವು ಒಂದು, ಒಂದಕ್ಕೆ ಔಷಧವಿದೆ, ಇನ್ನೊಂದಕ್ಕಿಲ್ಲ, ಸ್ಪೆಲ್ಲಿಂಗ್ ತಪ್ಪಿದರೆ ಬದುಕಿದವನನ್ನು ಕೊಂದ ಹಾಗೆ—ಎಂದು ಬೆಂಚು ಗುದ್ದಿ ಹೇಳುತ್ತಿದ್ದರು. ಐವತ್ತು ವರ್ಷವಾಯಿತು. ಮನಸ್ಸಿನಲ್ಲೇ ಬಾಯಿಪಾಠ ಒಪ್ಪಿಸಿದೆ: ಡಿ, ಇ, ಸಿ, ಇ, ಎ, ಎಸ್, ಇ, ಡಿ. ಬರೆದೆ. ಒಂದೂ ತಪ್ಪಿಲ್ಲ. ಇನ್ನೊಂದರಲ್ಲಿ ಮೈಗ್ರೇಟೆಡ್ ಟು ಕರ್ನಾಟಕ. ಮೈಗ್ರೇಷನ್ ಹಕ್ಕಿಗಳಿಗೆ ಮಾತ್ರ ಎಂದುಕೊಂಡಿದ್ದೆ. ಇರಲಿ.

ಡೆತ್ ಸರ್ಟಿಫಿಕೇಟಿನ ಜೆರಾಕ್ಸ್ ಪಿನ್ ಮಾಡಿ ಕೊಟ್ಟೆ. ಚೀಟಿ ಕೊಟ್ಟರು. ಹೊರಗೆ ಬಂದು ಎಳನೀರು ಕುಡಿದೆ.

ಮೇ 20. ಮಂಗಳವಾರ. ಸಂಜೆ 5

ಆಫೀಸಿನಿಂದ ನಿನ್ನೆ ಫೋನು, ಒಮ್ಮೆ ಬಂದು ಹೋಗಿ ಎಂದು. ಹೋದೆ.

ಮೇಜಿನ ಹಿಂದೆ ಒಬ್ಬ ಹೆಂಗಸು, ನಲವತ್ತೈದು ಇರಬಹುದು. ಎರಡೂ ಫಾರ್ಮು ಮುಂದಿಟ್ಟುಕೊಂಡಿದ್ದರು. ಪದರಿನಾತ್ ಯಾರು ಎಂದು ಕೇಳಿದರು. ನಾನೇ ಅಂದೆ. ಅವರು ಫಾರ್ಮು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, ಪಕ್ಕದ ಮೇಜಿಗೆ ಕೇಳದಂತೆ—'ಐಯಾ, ನೀಂಗಳಾ ತವರಿಟ್ಟೀಂಗ?'

ನೀವೇ ತೀರಿಕೊಂಡಿರಾ ಎಂದು.

ಫಾರ್ಮು ನನ್ನ ಕಡೆ ತಿರುಗಿಸಿದರು. ನನ್ನ ಅಕ್ಷರವೇ, ದುಂಡಗೆ. ಪದರಿನಾತ್—ಡಿಸೀಸ್ಡ್. ಪೀಮಾಬಾಯ್—ಮೈಗ್ರೇಟೆಡ್ ಟು ಕರ್ನಾಟಕ. ಸ್ಪೆಲ್ಲಿಂಗ್ ನೋಡುವುದರಲ್ಲಿ ಯಾರ ಫಾರ್ಮು ಎಂದೇ ನೋಡಿಲ್ಲ. ಜೊತೆಗೆ ಆಕೆಯ ಡೆತ್ ಸರ್ಟಿಫಿಕೇಟ್ ನನ್ನದಕ್ಕೆ ಪಿನ್ನು.

ನಗು ಬಂತು. ಅವರೂ ನಕ್ಕರು. ಅಮ್ಮ ಕರ್ನಾಟಕಕ್ಕೆ ಹೋಗಿಬಿಟ್ಟಿದ್ದಾರಲ್ಲ ಐಯಾ, ನಿಮ್ಮನ್ನು ಬಿಟ್ಟು ಎಂದರು. ಹಾಸ್ಯಕ್ಕೇ ಅಂದದ್ದು. ನನ್ನ ನಗು ಅಲ್ಲೇ ನಿಂತಿತು. ಆಕೆ ವರ್ಷಗಟ್ಟಲೆ ಕೇಳಿದ್ದು ಅದನ್ನೇ. ನಾನು ಕಳಿಸಿದ್ದು ಫಾರ್ಮಿನಲ್ಲಿ. ತಮಿಳಿನ ತವರನ್ನು ನನಗೆ ಬರೆದುಕೊಂಡು ಕನ್ನಡದ ತವರಿಗೆ ಆಕೆಯನ್ನು...

ಅವರು ಬೇರೆ ಎರಡು ಫಾರ್ಮು ಕೊಟ್ಟು, ನೀರು ಕೊಟ್ಟು, ಅವಸರವಿಲ್ಲ ಕೂತು ಬರೆಯಿರಿ ಅಂದರು. ಆಕೆಯ ಹೆಸರಿನ ಮುಂದೆ ಆ ಎಂಟು ಅಕ್ಷರ ಬರೆದೆ. ಎರಡು ವರ್ಷದಲ್ಲಿ ಮೊದಲ ಸಲ, ನನ್ನ ಕೈಯಿಂದ.

ಇನ್ನು ಎರಡು ವಾರವಂತೆ. ಅಂದರೆ ಜೂನ್ ಮೂರು, ನಾಲ್ಕು.

ಅದೇ ದಿನ, 6.15

ಬರೆದುಬಿಡುತ್ತೇನೆ, ಸುಳ್ಳಾಡಲು ಇಲ್ಲಿ ಯಾರಿದ್ದಾರೆ. ಎರಡು ವಾರ ಎಂದಾಗ ಒಳಗೆ ಖುಷಿಯಾಯಿತು. ಸರ್ಟಿಫಿಕೇಟ್ ಬಾರದೆ ಹೇಗೆ ಹೊರಡುವುದು? ಜುಲೈಯಲ್ಲಿ ನೋಡೋಣ—ಹೀಗೆಂದು ಹೇಳಲು ಶ್ರೀವಿದ್ಯಾಗೆ ಫೋನು ಮಾಡಿದೆ.

ಶ್ರೀಯಾ ಎತ್ತಿದಳು. ಅಮ್ಮ ಫೋನು ಮನೆಯಲ್ಲೇ ಬಿಟ್ಟು ಆಫೀಸಿಗೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ, ಅಪ್ಪ ಹಡಗಿನ ಮೆಡಿಕಲ್‌ಗೆಂದು ಮುಂಬೈಗೆ ಹೋಗಿದ್ದಾರೆ, ಪಕ್ಕದ ಮನೆಯಲ್ಲಿದ್ದೇನೆ ಅಂದಳು. ಆಮೇಲೆ ಒಂದೇ ಉಸಿರಿಗೆ—'ಅಜ್ಜಾ, ಅಮ್ಮಾ ಹಾಸ್ಟೆಲ್ ಫಾರ್ಮ್ ತಂದಾಳ. ಇನ್ನೂ ಸೈನ್ ಮಾಡಿಲ್ಲ. ನೀ ಬರ್ತೀ ಅಲ್ಲ?'

ಪೂರ್ತಿ ಕನ್ನಡ. ಮೊದಲೇ ಜೋಡಿಸಿಟ್ಟುಕೊಂಡಿದ್ದಳು ಎಂದು ಕಾಣುತ್ತದೆ. ಮನೆಯಲ್ಲಿ ಇನ್ನೂ ಒಂದು ಫಾರ್ಮು.

ಜುಲೈ ಎಂದು ಬಾಯಿಗೆ ಬಂದದ್ದು ನುಂಗಿದೆ. ಮೂವತ್ತಕ್ಕೆ ಹೊರಡುತ್ತೇನೆ, ಅಮ್ಮನಿಗೆ ಹೇಳು ಅಂದೆ. ಸರ್ಟನ್ಲಿ ಅನ್ನಲಿಲ್ಲ. ಕಂಡಿಪ್ಪಾ ಅಂದೆ.

ಮೇ 21

ಉಪೇಂದ್ರರೇ ಫೋನಿನಲ್ಲಿ ಟಿಕೆಟ್ ಮಾಡಿದರು. ಲೋಯರ್ ಬರ್ತ್. ಸರ್ಟಿಫಿಕೇಟ್ ಬಂದರೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಫಾರ್ಮಿನ ಕಥೆ ಹೇಳಿದೆ. ಕಾಫಿ ಕೊಟ್ಟು, 'ಸತ್ತವರಿಗೆ ಸಕ್ಕರೆ ಹಾಕಬಹುದಾ ಮಾರಾಯ್ರೆ?' ಅಂದರು. ಈ ಸಲ ಪೂರ್ತಿ ಕುಡಿದೆ.

ಮೇ 29. ಗುರುವಾರ

ರೇಷನ್ ಅಂಗಡಿಗೆ ಹೋದೆ, ಚೀಲವಿಲ್ಲದೆ. ಸಾಯಿಗೆ ಹೇಳಿದೆ—ಹೆಸರು ತೆಗೆಸುತ್ತಿದ್ದೇನೆ, ಇಬ್ಬರದೂ, ನಾಳೆ ರೈಲು. ಅವನು ಸ್ಟಾಕ್ ಬರೆಯುತ್ತಿದ್ದ. ಕನ್ನಡಕ ತೆಗೆದ, ದಾರದಲ್ಲಿ ನೇತಾಡಿತು. ಎದೆ ಉಬ್ಬಿಸಿ, ಹೊಟ್ಟೆಗೆ ಕೈ ಇಟ್ಟು—'ಪ್‌ಭೀ...ಮಾಬಾಯ್.' ಸರಿಯಾ ಸಾರ್ ಎಂದು ಕೇಳಿದ.

ಸರಿಯಿರಲಿಲ್ಲ. ಪಾಸ್ ಅಂದೆ.

ಒರಳನ್ನು ಆಕೆಯ ಸೀರೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದೆ. ಲಗೇಜಿಗೆ ಅಲ್ಲ.

ಜೂನ್ 9. ಸೋಮವಾರ. ಧಾರವಾಡ. ಮಧ್ಯಾಹ್ನ 3.05

ಬಂದು ಒಂಬತ್ತು ದಿನ. ಬರೆಯಲು ಹೊತ್ತೇ ಸಿಕ್ಕಿಲ್ಲ. ಸ್ಕೂಲಿಗೆ ಬಿಡುವುದು, ಕರೆತರುವುದು, ಹೋಮ್‌ವರ್ಕ್. ಶ್ರೀಯಾ ನನ್ನ ಕನ್ನಡ ತಿದ್ದುತ್ತಾಳೆ. ಪರವಾಯಿಲ್ಲೆ ಅನ್ನಬ್ಯಾಡ ಅಜ್ಜಾ, ಅಡ್ಡಿಯಿಲ್ಲ ಅನ್ನು—ಎಂದು. ತರಕಾರಿಯವಳು ನಿಮ್ಮದು ಮದ್ರಾಸ್ ಏನ್ರಿ ಎಂದು ಕೇಳಿದಳು. ಅಲ್ಲಿ ನಲವತ್ತು ವರ್ಷ ಕನ್ನಡದವನು ಎನಿಸಿಕೊಂಡು ಇಲ್ಲಿ ಮದ್ರಾಸಿನವನು. ಹಾಸ್ಟೆಲ್ ಫಾರ್ಮಿನ ಹಿಂದೆ ಶ್ರೀಯಾ ಒಂದು ಆನೆ ಬರೆದಿದ್ದಾಳೆ. ಫ್ರಿಜ್ಜಿನ ಮೇಲಿದೆ.

ಇವತ್ತು ಇಲ್ಲಿಯ ರೇಷನ್ ಆಫೀಸಿಗೆ ಹೋಗಿ ಬಂದೆ. ಉಪೇಂದ್ರರು ಕಳಿಸಿದ ಸರ್ಟಿಫಿಕೇಟಿನ ಪ್ರಿಂಟ್ ಕೊಟ್ಟೆ. ಪೂರ್ತಿ ತಮಿಳು. ಮೇಜಿನ ಹಿಂದಿನ ಹೆಂಗಸು, ನಮ್ಮ ಶ್ರೀವಿದ್ಯಾಳ ವಯಸ್ಸು, ಹಿಂದೆ ಮುಂದೆ ತಿರುಗಿಸಿ ನೋಡಿ ಹಳೇ ಕಾರ್ಡಿನ ಯಜಮಾನರ ಹೆಸರು ಕೇಳಿದಳು. ಹೇಳಿದೆ. ತಲೆ ಎತ್ತದೆ ಬರೆದಳು. ಭೀಮಾಬಾಯಿ. ಇಲ್ಲಿ ಎಲ್ಲರಿಗೂ ಭ ಬರುತ್ತದೆ. ಹೊಟ್ಟೆಯಿಂದ ಎಂದು ಹೇಳಿಕೊಡುವ ಕೆಲಸವಿಲ್ಲ.

ಅವರು ಎಲ್ಲಿದ್ದಾರೆ ಎಂದಳು. ಸರ್ಕಾರಿ ಮೇಜು ಕಂಡರೆ ನನ್ನ ನಾಲಗೆ ತಮಿಳಿಗೆ ಹೊರಳುತ್ತದೆ, ನಲವತ್ತು ವರ್ಷದ ಅಭ್ಯಾಸ. ತವರಿಟ್ಟಾಂಗ ಅಂದುಬಿಟ್ಟೆ.

ಅವಳು ಬರೆಯುತ್ತಲೇ ಅಂದಳು. 'ತವರಿಗೆ ಹೋಗ್ಯಾರೇನು? ಅಡ್ಡಿಯಿಲ್ಲ ತಗೋರಿ ಅಜ್ಜಾರ, ಬಂದ ಮ್ಯಾಲೆ ಅವರದೂ ಸೇರಸೋಣಂತ.'

ತಿದ್ದಬೇಕಿತ್ತು. ಬಾಯಿ ತೆರೆದೆ. ಆಕೆಯ ಮಾಳಮಡ್ಡಿ ಆ ಆಫೀಸಿನಿಂದ ಹತ್ತು ನಿಮಿಷದ ದಾರಿ. ನಾನು ಹೂಂ ಅಂದೆ.

ಮೂರೂ ಹದಿನೈದು ಆಗಿಹೋಯಿತು. ಶ್ರೀಯಾ ಗೇಟಿನಲ್ಲಿ ನಿಂತಿರುತ್ತಾಳೆ, ಛತ್ರಿ ಎಲ್ಲಿ