ಒಂಬತ್ತನೇ ಸಾಲಿನ ಟಿಕ್

ಮಾರ್ಚ್ 4, ಬೆಳಿಗ್ಗೆ 8:50
ಇವತ್ತೂ ನಾನೇ ಮೊದಲು. ಎರಡು ದಿನ ರಜೆ, ಏಸಿ ಬಂದ್. ಬಾಗಿಲು ತೆಗೆದ ತಕ್ಷಣ ವಾಸನೆ ಮುಖಕ್ಕೆ ರಪ್ ಅಂತ ಹೊಡೀತು. ಅಂಟು, ಆಸ್ಪತ್ರೆ, ಹೊಸ ಚಪ್ಪಲಿ, ಮೂರೂ ಕಲಸಿದ ಹಾಗೆ. ಕಣ್ಣಲ್ಲಿ ನೀರು. ಕಿಟಕಿಗಳೆಲ್ಲ ಸೀಲ್. ಅರವತ್ತು ಮೇಜು ಬಂದು ಹನ್ನೆರಡು ದಿನ. ತರಿಸಿದವನು ನಾನು. ಸ್ಟೋರ್ಸ್ ಅಂದ್ರೆ ನಾನೇ ತಾನೆ.
ಮ್ಯಾನೇಜರ್ ಬಂದವರೇ ಮೂಗರಳಿಸಿದರು. "ಹೊಸದರ ಘಮ ಕಣ್ರೀ!"

ಮಾರ್ಚ್ 6
ನಕ್ಷೆ ವಿಭಾಗದ ಹುಡುಗಿ, ಬಾಯಿ ನಿಲ್ಲಲ್ಲ ಅಂತ ರೇಡಿಯೊ ಅಂತೀವಿ, ಇವತ್ತು ಮೂಕ. ಒಳಮೂಲೆ ಅವಳದು. ಗಾಳಿ ಸುಳಿಯಲ್ಲ. ಊಟದ ಹೊತ್ತಲ್ಲಿ ಮೆಟ್ಟಿಲ ಮೇಲೆ ಕೂತು ಇನ್‌ಹೇಲರ್ ಎಳ್ಕೊಳ್ತಿದ್ದಳು.
"ಏನಮ್ಮಾ ಇದು?"
"ಹೈಸ್ಕೂಲಲ್ಲಿ ಬಿಟ್ಟುಹೋದ ಉಬ್ಬಸ ಸಾರ್. ಈಗ ನನ್ನ ನೆನಪಾಗಿದೆ ಅದಕ್ಕೆ."
ನಕ್ಕಳು. ನಗೋಕೂ ಉಸಿರು ಸಾಲಲಿಲ್ಲ.
ಆಮೇಲೆ ಅವಳ ಮೇಜಿನಡಿ ಬಗ್ಗಿ ನೋಡಿದೆ. ಮೇಲೆಲ್ಲ ನುಣುಪು. ವೈರ್ ಇಳಿಯೋ ತೂತಿನ ಸುತ್ತ ಅಂಚುಪಟ್ಟಿಯೇ ಇಲ್ಲ, ಬರೀ ಮರದ ಹೊಟ್ಟು, ಅಂಟು. ಮೂಗು ಹತ್ತಿರ ಒಯ್ದೆ... ತಲೆ ಗಿರ್ ಅಂತು.

ಮಾರ್ಚ್ 7
ಫೈಲ್ ತೆಗೆದೆ. ತೆಗೀಬಾರದಿತ್ತು. ಚೆಕ್‌ಲಿಸ್ಟ್, ಒಂಬತ್ತನೇ ಸಾಲು: "ಹಲಗೆಯಿಂದ ಹೊರಬರುವ ಅನಿಲದ ಪರೀಕ್ಷಾ ವರದಿ ಬಂದಿದೆ." ಟಿಕ್ ನಂದು. ಸಹಿ ನಂದು. ವರದಿ ಮಾತ್ರ ಇಲ್ಲ. "ನಾಳೆ ಕಳಿಸ್ತೀವಿ" ಅಂದಿದ್ರು ಮೇಜಿನ ಕಂಪನಿಯವರು. ಒಂದು ಕಾಗದ ತಾನೆ ಅಂದ್ಕೊಂಡೆ.
ಸಂಜೆ ಹೆಂಡತಿ ಹತ್ತಿರ ಹೇಳಿದೆ.
"ಕೇಳಿ ತರಿಸ್ಕೊಳ್ಳಿ. ಬಾಯಿಲ್ವಾ?"
"ಕೇಳಿದ್ರೆ ಸುಳ್ಳು ಟಿಕ್ ಹಾಕಿದ್ದು ಗೊತ್ತಾಗುತ್ತೆ ಕಣೇ."
"ಗೊತ್ತಾಗ್ಲಿ. ಹದಿನೈದು ದಿನದಿಂದ ಮೇಜಿನ ಬಗ್ಗೆ ಬಿಟ್ಟು ಬೇರೆ ಮಾತಿಲ್ಲ ಈ ಮನೇಲಿ."

ಮಾರ್ಚ್ 13
ವಾರ ಬರೆಯಲಿಲ್ಲ. ಕಂಪನಿಯವರು ಫೋನ್ ಎತ್ತಲ್ಲ. ಗಾಳಿ ಪರೀಕ್ಷೆ ಮಾಡೋ ಲ್ಯಾಬಿನವನನ್ನ ಕರೆಸಿದೆ. ಮ್ಯಾನೇಜರಿಗೆ ಏಸಿ ಚೆಕಪ್ ಅಂದೆ. ಇನ್ನೊಂದು ಸುಳ್ಳು. ನಾಲ್ಕು ಕಡೆ ಬಿಲ್ಲೆಯಂಥದ್ದು ನೇತುಹಾಕಿ ಹೋದ.
ರೇಡಿಯೊ ಎರಡು ದಿನ ರಜೆ. ನಂಗೂ ಗಂಟಲು ಕೆರೆತ. ನಿಜವೋ, ಹೆದರಿಕೆಯೋ?

ಮಾರ್ಚ್ 19, 11:20
ವರದಿ ಬಂತು. ಫಾರ್ಮಾಲ್ಡಿಹೈಡ್. ಹಲಗೆಯ ಅಂಟಿನಿಂದ ಬರೋದು, ಬಿಸಿ ಏರಿದಷ್ಟೂ ಜಾಸ್ತಿ. ಒಳಮೂಲೇಲಿ ಇರಬಹುದಾದ್ದರ ಮೂರು ಪಟ್ಟು. ಡ್ರಾಯರ್‌ಗೆ ಹಾಕಿದೆ. ಊಟ ಆದ್ಮೇಲೆ ಕೊಡೋಣ. ಸ್ವಲ್ಪ ಧೈರ್ಯ ಬರಲಿ.

3:40
ಧೈರ್ಯಕ್ಕಿಂತ ಮೊದಲು ಆಂಬುಲೆನ್ಸ್ ಬಂತು. ರೇಡಿಯೊ ಹುಡುಗಿಯ ತುಟಿ ನೀಲಿ. ಇನ್‌ಹೇಲರ್ ಎರಡು ಸಲ, ಮೂರು ಸಲ... ಕೇಳಲಿಲ್ಲ. ನಾನು ಫೈಲಿನಿಂದ ಗಾಳಿ ಬೀಸ್ತಾ ನಿಂತಿದ್ದೆ. ದಡ್ಡ. ದಡ್ಡ.

ಮಾರ್ಚ್ 20
ಬೆಳಿಗ್ಗೆಯೇ ಎರಡು ಕಾಗದ ಮ್ಯಾನೇಜರ್ ಮುಂದಿಟ್ಟೆ: ವರದಿ, ನನ್ನ ಚೆಕ್‌ಲಿಸ್ಟ್.
"ಇದೊಂದು ಇಲ್ಲಿ ಇರ್ಲೇಬೇಕೇನ್ರೀ?" ಅಂತ ಚೆಕ್‌ಲಿಸ್ಟ್ ಮುಟ್ಟಿದ್ರು. ಒಳ್ಳೆಯವರು ಪಾಪ. ನನ್ನ ಉಳಿಸೋಕೆ ನೋಡಿದ್ರು.
"ಇರ್ಲಿ ಸಾರ್."
ಮಧ್ಯಾಹ್ನಕ್ಕೆ ಹಾಲ್ ಖಾಲಿ. ಎಲ್ಲರೂ ಕೆಳಮಹಡಿಗೆ.
ಸಂಜೆ ಆಸ್ಪತ್ರೆ. ಅಪಾಯ ಕಳೀತು, ಆ ಕೋಣೆಗೆ ಮಾತ್ರ ಮತ್ತೆ ಹೋಗ್ಬಾರದು ಅಂದ್ರಂತೆ ಡಾಕ್ಟರ್. ಅವಳಿಗೆ ಎಲ್ಲ ಹೇಳಿಬಿಟ್ಟೆ. ಡ್ರಾಯರ್‌ನದ್ದೂ.
ಹೊದಿಕೆ ಎಳೆದುಕೊಂಡಳು. ಆಮೇಲೆ, ಮೆಲ್ಲಗೆ: "ನಾಲ್ಕು ಗಂಟೆ ಹೊತ್ತು ಮುಂಚೆಯೇ ಗೊತ್ತಿತ್ತಾ ಸಾರ್ ನಿಮಗೆ?"
"ಹೂಂ."
ಗೋಡೆ ಕಡೆ ತಿರುಗಿ ಮಲಗಿದಳು. ಅವಳಮ್ಮ ನನ್ನನ್ನ ಬಾಗಿಲವರೆಗೂ ಬಿಡೋಕೆ ಬರಲಿಲ್ಲ. ಸರಿಯೇ.

ಏಪ್ರಿಲ್ 9
ಮೆಮೊ ಕೈಗೆ ಬಂತು. ಸ್ಟೋರ್ಸ್ ಬೇರೆಯವರಿಗೆ, ನಾನು ಟಪಾಲು ವಿಭಾಗಕ್ಕೆ. ರೇಡಿಯೊ ಕೆಲಸಕ್ಕೆ ಬಂದಿದ್ದಾಳೆ, ಕೆಳಮಹಡೀಲಿ. ಎಲ್ಲರ ಜೊತೆ ಮಾತು. ನನ್ನ ಜೊತೆ ಇಲ್ಲ.

ಏಪ್ರಿಲ್ 11, 10:15
ಕಂಪನಿ ಲಾರಿ ಬಂದು ಮೇಜೆಲ್ಲ ತುಂಬಿಕೊಳ್ತು. ಡ್ರೈವರ್‌ನ ಕೇಳಿದೆ, ಸುಡ್ತೀರಾ, ಒಡೀತೀರಾ?
"ಅಯ್ಯೋ, ಹೊಸ ಮಾಲು ಸಾರ್! ಬೇರೆ ಆಫೀಸಿಗೆ. ಸೋಮವಾರ ಓಪನಿಂಗಂತೆ."
ಆಫೀಸು ಯಾವುದು ಅಂತ ಹೇಳಿದ.

10:40
ಆ ಆಫೀಸಿನ ನಂಬರ್ ಸಿಕ್ತು. ಇದು ನನ್ನ ಕೆಲಸ ಅಲ್ಲ ಈಗ. ಟಪಾಲು ನೋಡ್ಕೊಂಡಿರಬೇಕು. ಫೋನ್ ಎಡಗೈಯಲ್ಲಿ, ರಿಂಗ್ ಆಗ್ತಿದೆ. ಏನಂತ ಶುರು ಮಾಡ್ಲಿ? ಮೊದಲು ನನ್ನ ಹೆಸರು ಹೇಳ್ಲಾ, ಇಲ್ಲ ಮೇಜಿನ...
ಎತ್ತಿದ್ರು —