ಮೆಷಿನ್ ನಿಲ್ಲಿಸಿದವಳಿಗೆ

೧೫ನೇ ತಾರೀಖು, ಸೋಮವಾರ

ಪ್ರೀತಿಯ ಅಕ್ಕ,

ಇವರ ಪುಸ್ತಕ ಒಂದೂ ಉಳಿಯದೆ ಖಾಲಿಯಾಯಿತು ಕಣೇ, ಕೊನೆಗೆ ಅಂಗಡಿಯವರು ಗಾಜಿನ ಕಪಾಟಿನಲ್ಲಿ ನೋಡುವುದಕ್ಕೆಂದು ಇಟ್ಟಿದ್ದ ಪ್ರತಿಯನ್ನೂ ತೆಗೆದು ಕೊಟ್ಟರು. ಇದನ್ನು ಮೊದಲು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು. ಈಗ ಕ್ಷೇಮಸಮಾಚಾರ. ನೀನು ಹೇಗಿದ್ದೀಯ? ಭಾವನ ಬೆನ್ನುನೋವು ಕಡಿಮೆಯಾಯಿತಾ? ಪುಟ್ಟಿಗೆ ಹಲ್ಲು ಬಂತಾ? ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆದಿಲ್ಲ. ಮದುವೆಯಾಗಿದ್ದೇ ತಡ ತಂಗಿಗೆ ಕೊಬ್ಬು ಬಂತು ಎಂದುಕೊಂಡಿರುತ್ತೀಯ. ಕೊಬ್ಬಲ್ಲ ಅಕ್ಕ, ಸಂತೋಷ. ಆರು ತಿಂಗಳು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನನ್ನ ಇಂಗ್ಲಿಷ್ ಶಾಲೆಯ ಕನ್ನಡದಲ್ಲಿ ಒತ್ತಕ್ಷರ ತಪ್ಪಿದರೆ ಹೊಟ್ಟೆಗೆ ಹಾಕಿಕೋ. ಫೋನ್ ಮಾಡಬಹುದಿತ್ತು. ಯಾಕೆ ಮಾಡಲಿಲ್ಲ ಎಂದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ.

ಕಾರ್ಯಕ್ರಮ ಶನಿವಾರ ಸಂಜೆ, ಪುಸ್ತಕದಂಗಡಿಯ ಮಹಡಿಯ ಮೇಲೆ. ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತಿದ್ದರು. ನೀನು ಹೊಲಿದುಕೊಟ್ಟ ನೀಲಿ ಬಟ್ಟೆ ಹಾಕಿಕೊಂಡು ನಾನು ಮೊದಲ ಸಾಲಿನಲ್ಲಿ ಕೂತೆ. ಇವರು ಎತ್ತಿದ ನೀರಿನ ಲೋಟ ಮೈಕಿಗೆ ತಾಗಿ ಟಣ್ ಎಂದಿತು. ಪಾಪ, ಎಷ್ಟು ಮುದ್ದಾಗಿ ಕಂಡರು ಗೊತ್ತಾ. ಎರಡು ಪುಟ ಓದಿದ ಮೇಲೆ ಸಲೀಸಾಯಿತು.

ಪ್ರಶ್ನೆ ಕೇಳುವುದಕ್ಕೆ ಒಬ್ಬ ಲೆಕ್ಚರರ್ ಬಂದಿದ್ದರು. ಅವರು ಕೇಳಿದರು, "ಸಾರ್, ನೀವು ಬರೆದದ್ದನ್ನ ಮೊದಲು ಯಾರು ಓದ್ತಾರೆ?" ನಾನು ಕೂದಲು ಸರಿಮಾಡಿಕೊಂಡು ನೆಟ್ಟಗೆ ಕೂತೆ, ಎಲ್ಲರೂ ತಿರುಗಿ ನೋಡುತ್ತಾರಲ್ಲ ಎಂದು.

ಇವರು ಹೇಳಿದರು, "ಓದೋದಲ್ಲ, ಕೇಳ್ತಾರೆ. ಮೊದಲು ನಾನಿದ್ದ ಬಾಡಿಗೆ ಕೋಣೆ ಕೆಳಗೆ ಪರದೆ, ಸೋಫಾ ಕವರ್ ಹೊಲಿಯೋ ಅಂಗಡಿ ಇತ್ತು. ಬರೆದದ್ದನ್ನೆಲ್ಲ ಅಲ್ಲಿ ಕೂತು ಓದ್ತಿದ್ದೆ. ಅಂಗಡಿಯವರು ತಲೆ ಎತ್ತದೆ ಮೆಷಿನ್ ತುಳೀತಾ ಇರೋರು. ಮನಸ್ಸಿಗೆ ಹಿಡಿದರೆ ಕಾಲು ನಿಂತುಬಿಡ್ತಿತ್ತು. ಮೆಷಿನ್ ನಿಲ್ಲದ ಪುಟವನ್ನ ಮತ್ತೆ ಬರೀತಿದ್ದೆ. ಮನೆ ಬದಲಾಯಿಸಿದ ಮೇಲೂ ಫೋನಲ್ಲಿ ಓದ್ತೀನಿ. ಆ ಕಡೆ ಟಕಟಕ ನಿಂತರೆ ನನಗೆ ಗೊತ್ತಾಗುತ್ತೆ."

ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದೆ.

ಇವರು ನಿನ್ನ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದದ್ದು ನನಗೆ ಗೊತ್ತಿಲ್ಲವೇ? ನೀನೇ ತಾನೇ ನಮ್ಮಿಬ್ಬರನ್ನು ಕೂಡಿಸಿದ್ದು. ಆದರೆ ಇದು ಮಾತ್ರ ಗೊತ್ತಿರಲಿಲ್ಲ. ಇಲ್ಲಿ ಸಂಜೆಯಾದರೆ "ಒಳಗೆ ಸಿಗ್ನಲ್ ಸಿಗಲ್ಲ" ಎಂದು ತಾರಸಿಗೆ ಹೋಗುತ್ತಿದ್ದರು. ಪ್ರಕಾಶಕರ ಜೊತೆ ಏನೋ ವ್ಯವಹಾರ ಎಂದುಕೊಂಡು, ಅಡ್ಡಿಯಾಗಬಾರದೆಂದು ನಾನು ಒಣಗಿದ ಬಟ್ಟೆ ತರುವುದಕ್ಕೂ ಮೇಲೆ ಹತ್ತುತ್ತಿರಲಿಲ್ಲ. ಒಂದು ದಿನ ಮಳೆಗೆ ಹೊದಿಕೆಗಳೆಲ್ಲ ನೆನೆದು ಮುದ್ದೆಯಾದವು. ಅವತ್ತು ನೀನು ಯಾವ ಅಧ್ಯಾಯ ಕೇಳುತ್ತಿದ್ದೆ?

ಆಮೇಲೆ ಸಹಿ ಹಾಕುವ ಸರದಿ. ಸಾಲು ಬೀದಿಯವರೆಗೆ ಹೋಗಿತ್ತು. ನಾನು ಪಕ್ಕದಲ್ಲಿ ನಿಂತು ಮೊದಲ ಪುಟ ತೆರೆದು ಮುಂದೆ ಇಡುತ್ತಿದ್ದೆ, ಇವರು ಬರೆಯುತ್ತಿದ್ದರು. ಎಷ್ಟು ಒಳ್ಳೆಯ ಜೋಡಿ ಕೆಲಸ ಅಲ್ಲವಾ? ಅಷ್ಟರಲ್ಲಿ ಒಬ್ಬ ದಪ್ಪ ಕನ್ನಡಕದ ಹೆಂಗಸು ನನ್ನ ಕಡೆ ಬೆರಳು ತೋರಿಸಿ, "ಮೆಷಿನ್ ನಿಲ್ಲಿಸೋರು ಇವರೇನಾ? ಇವರದ್ದೂ ಒಂದು ಸಹಿ ಹಾಕಿಸಿ" ಎಂದರು.

ಇವರು ತಲೆ ಎತ್ತದೆ, "ಅಯ್ಯೋ ಅಲ್ಲ, ಇವರು ನಮ್ಮ ಮನೆಯವರು" ಎಂದರು.

"ಓ, ಹೌದಾ" ಎಂದು ಆಕೆ ಪೆನ್ನನ್ನು ವಾಪಸು ಚೀಲಕ್ಕೆ ಹಾಕಿಕೊಂಡರು. ಆ ಪೆನ್ನು ಚೀಲದೊಳಗೆ ಹೋದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಸಹಿಗೆಂದೇ ತಡವಾಗಿ ಬಂದು ಅವರ ಹಿಂದೆ ನಿಂತಿದ್ದ ಹುಡುಗಿ, "ನೀವು ಪುಣ್ಯವಂತರು ಬಿಡಿ, ಮನೇಲೇ ಕಥೆ ಕೇಳ್ತೀರಿ" ಎಂದಳು. ನಾನು ಹೌದು ಎಂದೆ. ಸುಳ್ಳು ಹೇಳಿದೆ ಅಕ್ಕ.

ಮನೆಗೆ ಬಂದು, "ನನಗೂ ಓದಬಹುದಿತ್ತಲ್ಲ" ಎಂದೆ. "ನಿಂಗ್ಯಾಕೆ ಚಿನ್ನ ಆ ತಲೆನೋವು" ಎಂದು ಕೆನ್ನೆ ಹಿಂಡಿ ಮಲಗಿದರು.

ನಿನ್ನ ಮೇಲೆ ಸಿಟ್ಟಿಲ್ಲ. ಸುಳ್ಳು, ಇದೆ. ನೀನಾದರೂ ಒಂದು ಮಾತು ಹೇಳಬಾರದಿತ್ತಾ? ಚಿಕ್ಕಂದಿನಿಂದ ನಿನಗೆ ಗಿಡ್ಡವಾದ ಬಟ್ಟೆಯನ್ನೇ ಹಾಕಿಕೊಂಡು ಬೆಳೆದವಳು ನಾನು. ಗಂಡನ ಕಾದಂಬರಿಯೂ ನೀನು ಹಾಕಿ ಬಿಟ್ಟ ಮೇಲೇ ನನಗೆ ಸಿಗಬೇಕಾ? ನಿಮ್ಮಿಬ್ಬರಲ್ಲಿ ಇನ್ನೇನೋ ಇದೆ ಎಂಬ ಕೆಟ್ಟ ಯೋಚನೆ ನನಗಿಲ್ಲ, ಅದನ್ನು ಮಾತ್ರ ತಪ್ಪು ತಿಳಿಯಬೇಡ. ಅಂಥದ್ದೇನಾದರೂ ಇದ್ದಿದ್ದರೆ ಜಗಳವಾಡುವುದು ಸುಲಭವಿತ್ತು. ಇದಕ್ಕೆ ಏನೆಂದು ಜಗಳವಾಡಲಿ?

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಯ ಎರಡು ಕೆನ್ನೆಗೂ ನನ್ನ ಲೆಕ್ಕದಲ್ಲಿ ಮುತ್ತು ಕೊಡು. ಸಿಟ್ಟಿನಲ್ಲಿ ಬರೆದಿದ್ದರೂ ಚಿಕ್ಕವಳು, ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ
ಚಿಟ್ಟೆ

ತಾ.ಕ.: ಒಂದು ವಿಷಯ ಮೇಲೆ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ. ಮೆಷಿನ್ ಕಥೆ ಮುಗಿದ ಮೇಲೆ ಲೆಕ್ಚರರ್ ನಗುತ್ತಾ, "ಹಾಗಾದ್ರೆ ಮನೆಯವರಿಗೆ ಓದಿ ಹೇಳಲ್ವಾ?" ಎಂದು ಕೇಳಿದರು. ಇವರು, "ಅವಳಿಗೆ ಕರೆಂಟ್ ಬಿಲ್ ಓದಿದರೂ ಚೆನ್ನಾಗಿದೆ ಅಂತಾಳೆ" ಎಂದರು. ಇಡೀ ಮಹಡಿ ನಕ್ಕಿತು. ಪ್ರೀತಿಯಿಂದಲೇ ಹೇಳಿದರು, ಅದೇ ನೋವು. ಎಲ್ಲವನ್ನೂ ಚೆನ್ನಾಗಿದೆ ಎನ್ನುವುದು ನನ್ನ ಪ್ರೀತಿ ಎಂದುಕೊಂಡಿದ್ದೆ. ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲವೆಂದು ಗೊತ್ತಿರಲಿಲ್ಲ.

ಭಾನುವಾರ ಇವರು ಹೊರಗೆ ಹೋಗಿದ್ದಾಗ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಇಡೀ ಪುಸ್ತಕ ಓದಿದೆ. ಬಹಳ ಕಡೆ ಅತ್ತೆ. ಆದರೆ ಹನ್ನೊಂದನೇ ಅಧ್ಯಾಯದಲ್ಲಿ, ಮಗಳನ್ನು ಹದಿನಾಲ್ಕು ವರ್ಷ ಮಾತಾಡಿಸದ ತಾಯಿ ಒಂದು ಲೋಟ ನೀರು ಕೊಟ್ಟು ಎಲ್ಲ ಮರೆಯುತ್ತಾಳಲ್ಲ, ಅದು ಸುಳ್ಳು. ಅಷ್ಟು ವರ್ಷ ನೊಂದವಳು ಮೊದಲು ಬೈಯುತ್ತಾಳೆ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, "ಇದು ಚೆನ್ನಾಗಿಲ್ಲ" ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಅಲ್ಲಿ ನಿನ್ನ ಮೆಷಿನ್ ನಿಂತಿತ್ತಾ ಎಂದು ಕೇಳುವುದಿಲ್ಲ. ಕೇಳಿದರೆ ನಾನೂ ನಿನ್ನ ಕಾಲನ್ನೇ ನಂಬಿದ ಹಾಗಾಗುತ್ತದೆ.

ಇದನ್ನು ಇವರಿಗೆ ಹೇಳಲೇಬೇಕು. ಎದುರಿಗೆ ಆಗುವುದಿಲ್ಲ, ಆ ಮುಖ ನೋಡಿದರೆ ನನ್ನ ಬಾಯಿಂದ ಮತ್ತೆ ಚೆನ್ನಾಗಿದೆ ಎಂದೇ ಬರುತ್ತದೆ. ಹೊಸ ಕಾದಂಬರಿಯ ಮೊದಲ ಅಧ್ಯಾಯ ಮುಗಿದಿದೆ, ಶುಕ್ರವಾರ ಸಂಜೆ ನಿನಗೆ ಓದುತ್ತಾರಂತೆ. ಫೋನು ಬಂದರೆ ನೀನು ಮೆಷಿನ್ ತುಳಿಯುತ್ತಾ ಇರು, ನಾನು ಎತ್ತುತ್ತೇನೆ. ಗುರುವಾರ ಮಧ್ಯಾಹ್ನದ ಎಕ್ಸ್‌ಪ್ರೆಸ್‌ಗೆ ಬರುತ್ತಿದ್ದೇನೆ.