ಖಾಲಿ ಎಂದು ತೋರಿಸಿದ ಹೆಸರು

೭ ಆಗಸ್ಟ್ ೨೦೨೫, ಗುರುವಾರ

ನಮ್ಮ ತಂಡದ ಬಸವಂತನ ತಪ್ಪೇನೂ ಇರಲಿಲ್ಲ. ಅವನನ್ನು ಕೆಲಸದಿಂದ ತೆಗೆದ ಮೇಲೆ, ಇವತ್ತು ಗೊತ್ತಾಯಿತು.

ಆಸ್ಪತ್ರೆಗೆ ಮಾಡಿಕೊಟ್ಟ ಸಾಫ್ಟ್‌ವೇರ್‌ನಲ್ಲಿ ಅವನ ಕೋಡು ರೋಗಿಯ ಹೆಸರನ್ನು ಖಾಲಿ ಕಳಿಸುತ್ತಿದೆ ಎಂದು ಎಲ್ಲರೂ ನಂಬಿದ್ದೆವು. ಕೋಡಿನ ಓಟವನ್ನು ದಾಖಲಿಸುವ ನಮ್ಮ ಟ್ರೇಸಿಂಗ್ ಟೂಲ್ ಹಾಗೇ ತೋರಿಸುತ್ತಿತ್ತು. ಇವತ್ತು ಅವನ ಕೋಡನ್ನೇ ತಪ್ಪು ಹುಡುಕುವ ಸಾಧನವಾದ ಡೀಬಗರ್‌ನಲ್ಲಿ ಓಡಿಸಿದೆ. 'ಈ ವಿಳಾಸದ ಮೆಮೊರಿ ಓದಲಾಗುತ್ತಿಲ್ಲ' ಎಂದು ವಿಳಾಸ ಸಮೇತ ಹೇಳಿತು. ಹೆಸರಿದ್ದ ಮೆಮೊರಿಯನ್ನು ಬೇರೆ ತಂಡದ ಕೋಡು ಮೊದಲೇ ಅಳಿಸಿಬಿಟ್ಟಿತ್ತು. ಬಸವಂತನ ಕೈಗೆ ಬಂದದ್ದೇ ಕೆಟ್ಟ ಪಾಯಿಂಟರ್, ಏನೂ ಉಳಿದಿಲ್ಲದ ಜಾಗದ ವಿಳಾಸ. ಓದಲಾಗದ್ದನ್ನೂ ನಮ್ಮ ಟೂಲ್ ಖಾಲಿ ಎಂದೇ ತೋರಿಸುತ್ತದೆ.

ಮ್ಯಾನೇಜರ್ ವಸಿಷ್ಠ ಅವರಿಗೆ ತೋರಿಸಿದೆ. ಬಹಳ ಹೊತ್ತು ಸ್ಕ್ರೀನ್ ನೋಡಿದರು. "ಅವ್ರ ಜಾಗಕ್ಕೆ ಬೇರೆಯವ್ರು ಬಂದಾಯ್ತಲ್ಲ ಪ್ರಕೃತಿ. ಈಗೇನ್ ಮಾಡಕ್ಕಾಗತ್ತೆ?"

ಸಂಜೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಾಳೆಯ ವರಮಹಾಲಕ್ಷ್ಮಿಗೆ ಹೂವು ಕೊಳ್ಳುವವರ ನೂಕುನುಗ್ಗಲು. ಅದರ ಮಧ್ಯೆ ನಿಂತೇ ಬಸವಂತನಿಗೆ ಫೋನ್ ಮಾಡಿದೆ. ಇಲ್ಲಿನ ಬಿಟಿಎಂ ಲೇಔಟಿನ ರೂಮ್ ಬಿಟ್ಟು ತನ್ನೂರು ಬಾಗಲಕೋಟೆಗೆ ಹೋಗಿದ್ದಾನಂತೆ. ಎಲ್ಲ ಹೇಳಿದೆ. 

"ತಪ್ಪ ನಂದಲ್ಲ ಅಂತ ಅವತ್ತ ಹೇಳಿದ್ನಲ್ರೀ ಮೇಡಂ. ನಮ್ಮವ್ವನೂ ನಂಬವಲ್ಲಳು. ಅಕಿಗೆ ಒಮ್ಮೆ ನೀವಽ ಹೇಳ್ತೀರೇನು?"

ತಾಯಿ ಶಂಕ್ರವ್ವ ಫೋನ್ ಹಿಡಿದರು. ಪಾಯಿಂಟರ್, ಟೂಲ್ ಯಾವುದನ್ನೂ ಅವರಿಗೆ ಹೇಳಲಿಲ್ಲ. "ನಿಮ್ ಮಗ ಸರಿಯಾಗೇ ಕೆಲ್ಸ ಮಾಡಿದ್ರಮ್ಮ," ಎಂದೆ.

"ಖರೇ ಏನವಾ?" ಎಂದರು. ಹೌದೆಂದೆ. ಅತ್ತರೋ ಏನೋ, ಬಸ್ಸಿನ ಹಾರ್ನಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಮತ್ಯಾಕ ತಗದ್ರವಾ ಅವನ್ನ?"

"ತಪ್ಪು ನಮ್ದಮ್ಮ," ಎಂದೆ.